ಸೀಟಿನ ಕೆಳಗಿನ ಹಳದಿ ವೈರು

ಆ ಸಂಜೆ ನನ್ನ ಯಜಮಾನರು ಹಳ್ಳಿಮೈಸೂರಿನಿಂದ ಕಾರು ಓಡಿಸಿಕೊಂಡು ಬಂದು, ಸಾರು ಇನ್ನೊಮ್ಮೆ ಬಡಿಸಿಕೊಂಡು ಉಂಡು ಮಲಗಿದ್ದರು. ಮಾರನೆಯ ದಿನ ಹೃದಯಾಘಾತದಿಂದ ತೀರಿಕೊಂಡರು.

ಅವರ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ನಾನು ಕೆಲಸಕ್ಕೆ ಹೋಗತೊಡಗಿದ ದಿನದಿಂದ ಏರ್‌ಬ್ಯಾಗ್ ಎಚ್ಚರಿಕೆಯ ದೀಪ ಆರಲೇ ಇಲ್ಲ. ಹಾಗೇ ಓಡಿಸುವುದು ಅಪಾಯ, ಏರ್‌ಬ್ಯಾಗನ್ನೇ ಬದಲಿಸಬೇಕು ಎಂದರು ಹಾಸನದ ಗ್ಯಾರೇಜಿನವರು.

"ಸುಮ್ನೆ ಮಾರ್ಬುಡಿ ಅತ್ಗೆ, ಬಸ್ಸಿಲ್ವಾ?" ಎಂದ ಮೈದುನ, ಚನ್ನರಾಯಪಟ್ಟಣದಿಂದ ಒಬ್ಬರನ್ನು ಕಾರು ನೋಡಲು ಕರೆತಂದ. ನನಗೆ ಕೊಡುವ ಮನಸ್ಸಿರಲಿಲ್ಲ.

ಬಂದವರು ನನ್ನ ಯಜಮಾನರಷ್ಟೇ ಎತ್ತರ. ದೀಪದ ವಿಷಯ ಅವರಿಗೆ ಮೊದಲೇ ಹೇಳಿದ್ದೆ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂತು ಸ್ಟಾರ್ಟ್ ಮಾಡಿದರು.

"ಎಲ್ಲಕ್ಕ ಲೈಟು? ಆರೋಯ್ತಲ್ಲ" ಎಂದರು.

ಅವರನ್ನು ಇಳಿಸಿ ನಾನು ಕೂತೆ. ನನ್ನದು ಗಿಡ್ಡ ಕಾಲು. ಸೀಟು ಮುಂದಕ್ಕೆ ಎಳೆದುಕೊಂಡು ಸ್ಟಾರ್ಟ್ ಮಾಡಿದರೆ ದೀಪ ಉರಿಯುತ್ತಲೇ ಇತ್ತು. ಹಿಂದಕ್ಕೆ ತಳ್ಳಿ ಮತ್ತೆ ಸ್ಟಾರ್ಟ್ ಮಾಡಿದೆ, ಆರಿತು. ಬಗ್ಗಿ ನೋಡಿದೆ. ಸೀಟಿನ ಕೆಳಗೆ ಏರ್‌ಬ್ಯಾಗಿನ ಹಳದಿ ವೈರೊಂದು ಸೀಟು ಜಾರುವ ಕಂಬಿಗೆ ಸಿಕ್ಕಿಕೊಂಡಿತ್ತು. ನಾನು ಸೀಟು ಎಳೆದಾಗಲೆಲ್ಲ ಅದು ಬಿಗಿದು ಪ್ಲಗ್ ಸಡಿಲವಾಗುತ್ತಿತ್ತು.

"ಕಾರು ಕೊಡಲ್ಲ ಕಣಣ್ಣ" ಎಂದೆ ಬಂದವರಿಗೆ.

"ಅತ್ಗೆ ಮೆಕ್ಯಾನಿಕ್ ಆಗ್ಬುಟ್ರು, ಇನ್ನೇನ್ ಮಾತಾಡಾದು" ಎಂದು ಮೈದುನ ನಕ್ಕ. ಅಂದೇ ಹೊಳೆನರಸೀಪುರದ ಮೆಕ್ಯಾನಿಕ್ ವೈರು ಬಿಡಿಸಿ ಪ್ಲಗ್ ಗಟ್ಟಿಯಾಗಿ ಕೂರಿಸಿದರು.

ಈಗ ದಿನವೂ ಅರಕಲಗೂಡಿಗೆ ಕೆಲಸಕ್ಕೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಒಂದು ದೀಪವೂ ಉರಿಯುವುದಿಲ್ಲ. ಸೀಟನ್ನು ಹಿಂದಕ್ಕೆ ತಳ್ಳಿ ಕೂರುವವರು ಮಾತ್ರ ಮನೆಯಲ್ಲಿಲ್ಲ.