ಸೋತವಳ ಮನೆಗೆ ಬಂದ ಊಟ

ನಮ್ಮ ಊರಿನವರು ಯಾರಿಗೂ ಮುಖದ ಮೇಲೆ ‘ಇಲ್ಲ’ ಎನ್ನುವುದಿಲ್ಲ. ಇದಕ್ಕೆ ಅವರು ಒಳ್ಳೆಯತನ ಎಂದು ಹೆಸರಿಟ್ಟಿದ್ದಾರೆ. ನೆಬ್ರಾಸ್ಕಾದ ಈ ಜೋಳದ ಹೊಲಗಳ ನಡುವೆ ಅರ್ಧ ಆಯುಷ್ಯ ಕಳೆದಿರುವ ನನಗೆ ಆ ಒಳ್ಳೆಯತನ ಕಂಡರೆ ಈಗ ಹೇಸಿಗೆಯಾಗುತ್ತದೆ. ಆರ್ಡಿಸ್ ಕುಚೇರಾ ಚುನಾವಣೆಗೆ ನಿಲ್ಲುವವರೆಗೂ ಹೀಗೆ ಅನ್ನಿಸಿರಲಿಲ್ಲ.

ಆರ್ಡಿಸ್ ನನ್ನ ಪಕ್ಕದ ಮನೆಯವಳು. ತನ್ನ ಮನೆಯ ಮುಂಗೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳ ಮೊಮ್ಮಗಳು ಐವಿ ಎರಡನೇ ಕ್ಲಾಸು. ಐವಿಯ ತಾಯಿ ಮಾಂಸದ ಕಾರ್ಖಾನೆಯ ಕೆಲಸಕ್ಕೆ ಬೆಳಗಾಗುವ ಮೊದಲೇ ಹೊರಡಬೇಕು. ಹುಡುಗಿ ಅಜ್ಜಿಯ ಮನೆಯಲ್ಲಿ ತಿಂಡಿ ತಿಂದು, ರಸ್ತೆಯ ಕೊನೆಯಲ್ಲಿರುವ ಸಣ್ಣ ಶಾಲೆಗೆ ನಡೆದು ಹೋಗುತ್ತಾಳೆ. ಆ ಶಾಲೆಯನ್ನು ಮುಚ್ಚಿ, ಅದರಿಂದ ಉಳಿಯುವ ಹಣದಲ್ಲಿ ಹೈಸ್ಕೂಲಿನ ಫುಟ್‌ಬಾಲ್ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಬೇಕೆಂದು ಶಾಲಾ ಮಂಡಳಿಯ ಅಧ್ಯಕ್ಷ ಕರ್ಟ್ ವಾನೆಕ್ ಹಟ ಹಿಡಿದಿದ್ದ. ವಿಮೆ ಮಾರುವ ಮನುಷ್ಯ. ಹೈಸ್ಕೂಲಿನಲ್ಲಿ ಚೆಂಡು ಹಿಡಿದು ಓಡಿದ್ದೇ ಅವನ ಬಾಳಿನ ದೊಡ್ಡ ಸಾಧನೆ. ಊರೇನು ಹೇಳುತ್ತದೋ ಮಂಡಳಿಯ ಚುನಾವಣೆಯಲ್ಲಿ ನೋಡಿಬಿಡೋಣ, ಆಮೇಲೆ ನಿರ್ಧಾರ ಎಂದ. ಅವನ ಎದುರು ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಆರ್ಡಿಸ್ ನಿಂತಳು.

ಚುನಾವಣೆಗೆಂದು ಅವಳ ಹೆಸರಿನ ಫಲಕಗಳನ್ನು ಮನೆಮನೆಯ ಮುಂದಿನ ಹುಲ್ಲಿನಲ್ಲಿ ನೆಡಲು ಸುತ್ತಿಗೆ ಹಿಡಿದು ನಾನೂ ಅವಳ ಜೊತೆ ಸುತ್ತಿದೆ. ಎಲ್ಲರದೂ ಒಂದೇ ಮಾತು. “ಅಯ್ಯೋ, ಕೇಳ್ಬೇಕೇನೇ ಆರ್ಡಿಸ್? ನೆಡು, ನೆಡು. ನಿನ್ನಂಥೋರು ಬೇಕು ನೋಡು.” ಆರ್ಡಿಸ್ ಹಿಗ್ಗಿ ಹೋದಳು. ಮಾರನೆಯ ವಾರ ನೋಡಿದರೆ ಅದೇ ಹುಲ್ಲಿನಲ್ಲಿ, ಅವಳ ಫಲಕಕ್ಕೆ ಭುಜ ತಾಗಿಸಿಕೊಂಡು ಕರ್ಟ್‌ನ ಫಲಕ.

“ಇದೇನೇ ಇದು?” ಎಂದೆ.

“ಪಾಪ, ಅವನಿಗೂ ಬೇಡ ಅನ್ನೋಕಾಗ್ಲಿಲ್ಲ ಅನ್ಸತ್ತೆ,” ಎಂದಳು. “ಓಟು ನಂಗೇ ಹಾಕ್ತಾರೆ ಬಿಡು. ಅವರ ತಲೆ ತೊಳೆಯೋಳು ನಾನಲ್ವಾ?”

ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದರೂ ಅವಳಿಗೆ ಊರು ಅರ್ಥವಾಗಿರಲಿಲ್ಲ.

ಆಮೇಲೆ ಪುಕಾರು ಎದ್ದಿತು. ಆರ್ಡಿಸ್ ಗೆದ್ದರೆ ಹೈಸ್ಕೂಲಿನ ಶುಕ್ರವಾರದ ಫುಟ್‌ಬಾಲ್ ಆಟವನ್ನೇ ನಿಲ್ಲಿಸುತ್ತಾಳಂತೆ! ಊರಿಗೆ ಊರೇ ಚರ್ಚಿಗಿಂತ ಹೆಚ್ಚು ನಿಯತ್ತಿನಿಂದ ಹೋಗುವ ಆಟ ಅದು. ಫೇಸ್‌ಬುಕ್ಕಿನಲ್ಲಿ ಇದನ್ನು ಬರೆದವಳು ಕರ್ಟ್‌ನ ತಂಗಿ ಜೊಲೀನ್. ಬರೆದ ಎರಡನೇ ದಿನಕ್ಕೇ ನಾಚಿಕೆಯಿಲ್ಲದೆ ಬಂದು, ಆರ್ಡಿಸ್‌ಳ ಕುರ್ಚಿಯಲ್ಲಿ ಕೂತು, ಬೇಸಿನ್ನಿಗೆ ತಲೆಯೊಡ್ಡಿದಳು. ಕೆಟ್ಟ ನಲ್ಲಿ ಸರಿಮಾಡಲು ಹೋಗಿದ್ದ ನಾನು ಅಲ್ಲೇ ಇದ್ದೆ.

“ಸುಳ್ಳು ಅಂತ ನಿಂಗೇ ಗೊತ್ತಲ್ವಾ ಜೊಲೀನ್?” ಎಂದಳು ಆರ್ಡಿಸ್, ಸೋಪು ಹಚ್ಚುತ್ತಾ.

“ರಾಜಕೀಯ ಅಲ್ವೇನೇ ಚಿನ್ನ, ಮನಸ್ಸಿಗೆ ಹಚ್ಕೋಬೇಡ.” ಜೊಲೀನ್ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಹಾಂ, ಅಲ್ಲೇ, ಕಿವಿ ಹಿಂದೆ ಸ್ವಲ್ಪ ಜೋರಾಗಿ ಉಜ್ಜು. ನಿನ್ ಕೈ ಅಂದ್ರೆ ಕೈ ಕಣೇ!”

ನಾನಾಗಿದ್ದರೆ ಕುದಿನೀರು ಬಿಡುತ್ತಿದ್ದೆ. ಆರ್ಡಿಸ್ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಸುರುಳಿ ಸುತ್ತಿ ಕಳಿಸಿದಳು.

ಮಂಗಳವಾರ ಚುನಾವಣೆ. ಆರ್ಡಿಸ್ ಹೀನಾಯವಾಗಿ ಸೋತಳು. ಅವಳ ಫಲಕವಿದ್ದ ಮನೆಗಳವರೆಲ್ಲ ಅವಳಿಗೇ ಓಟು ಹಾಕಿದ್ದರೂ ಸಾಕಿತ್ತು, ಗೆಲ್ಲುತ್ತಿದ್ದಳು.

ಬುಧವಾರ ಬೆಳಿಗ್ಗೆ ಅವಳ ಬಾಗಿಲಿಗೆ ಊಟ ಬರತೊಡಗಿತು. ನಮ್ಮಲ್ಲಿ ಸಾವಾದ ಮನೆಗೆ ಹೀಗೆ ತರುತ್ತಾರೆ: ಆಲೂಗಡ್ಡೆ, ಖೀಮಾ, ಮೇಲೊಂದಿಷ್ಟು ಚೀಸ್ ಹಾಕಿ ಓವನ್ನಿನಲ್ಲಿ ಬೇಯಿಸಿದ ಗಾಜಿನ ತಟ್ಟೆ. ತಟ್ಟೆ ತಪ್ಪದೆ ವಾಪಸು ಬರಲೆಂದು ಬದಿಯಲ್ಲಿ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ಒಬ್ಬೊಬ್ಬರೇ ಬಂದರು, ತಬ್ಬಿದರು, “ನಿನಗೋಸ್ಕರ ಪ್ರಾರ್ಥನೆ ಮಾಡ್ತೀವಿ ಕಣೇ” ಎಂದರು, ಹೋದರು. ಜೊಲೀನ್‌ಳ ತಟ್ಟೆಯೂ ಬಂತು. ಅದೇ ಎಲ್ಲಕ್ಕಿಂತ ದೊಡ್ಡದು.

ಆರ್ಡಿಸ್ ಒಂದನ್ನೂ ಮುಟ್ಟಲಿಲ್ಲ. ಗುರುವಾರ ಸಂಜೆ ಹೈಸ್ಕೂಲಿನಲ್ಲಿ ನಡೆಯುವ ಮಂಡಳಿಯ ಸಭೆಗೆ ಅಷ್ಟನ್ನೂ ನನ್ನ ಗಾಡಿಯಲ್ಲಿ ಹೇರಿಸಿದಳು. ಊರವರಿಗೆ ಮಾತಾಡಲು ತಲೆಗೆ ಮೂರು ನಿಮಿಷ ಕೊಡುತ್ತಾರೆ. ಅವಳು ತಟ್ಟೆಗಳನ್ನು ಕರ್ಟ್‌ನ ಮುಂದಿನ ಮೇಜಿನ ಮೇಲೆ ಸಾಲಾಗಿಟ್ಟು, ಟೇಪಿನ ಮೇಲಿದ್ದ ಹೆಸರುಗಳನ್ನು ಗಟ್ಟಿಯಾಗಿ ಓದಿದಳು. ಹೆಚ್ಚಿನವರು ಅಲ್ಲೇ ಕೂತಿದ್ದರು.

“ನಂಗೆ ನಿಮ್ಮ ಊಟ ಬೇಕಿರ್ಲಿಲ್ಲ,” ಎಂದಳು. “ಓಟು ಬೇಕಿತ್ತು. ಕೊಡಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ, ಯಾಕೆ ಅಂತ ಕೇಳ್ತಿದ್ದೆ. ನಮ್ಮ ಶಾಲೆ ಯಾಕೆ ಬೇಕು ಅಂತ ಹೇಳ್ತಿದ್ದೆ. ಅದಕ್ಕೂ ಬಿಡ್ಲಿಲ್ಲ ನೀವು.”

ಯಾರೂ ತಲೆಯೆತ್ತಲಿಲ್ಲ. ಒಂದು ಗಳಿಗೆ, ಏನಾದರೂ ಆದೀತು ಎಂದುಕೊಂಡೆ.

“ಥ್ಯಾಂಕ್ಸ್ ಆರ್ಡಿಸ್, ಟೈಮಾಯ್ತು,” ಎಂದ ಕರ್ಟ್. ಮಂಡಳಿಯವರು ಕೈಯೆತ್ತಿದರು. ಶಾಲೆ ಮುಚ್ಚುವುದೆಂದು ತೀರ್ಮಾನವಾಯಿತು.

ಸಭೆ ಮುಗಿದ ಮೇಲೆ ಜೊಲೀನ್, “ಇಷ್ಟೊಂದು ಊಟ ಹಾಳಾಗುತ್ತಲ್ರೇ” ಎಂದಳು. ಅಷ್ಟು ಸಾಕಾಯಿತು. ತಟ್ಟೆಗಳು ಹೈಸ್ಕೂಲಿನ ಅಡುಗೆಮನೆಗೆ ಹೋಗಿ ಬಿಸಿಯಾಗಿ ಬಂದವು. ಕಾಗದದ ತಟ್ಟೆ ಹಿಡಿದು ಸಾಲು ನಿಂತರು, ಅವಳು ಹೆಸರು ಓದಿದವರೇ. ಯಾರ ಚೀಸ್ ಚೆನ್ನಾಗಿ ಕೆಂಪಗಾಗಿದೆ ಎಂದು ಮಾತಾಡಿಕೊಂಡರು. ಹೋಗುತ್ತಾ ಬರುತ್ತಾ ಆರ್ಡಿಸ್‌ಳ ಬೆನ್ನು ತಟ್ಟಿ, “ಚೆನ್ನಾಗ್ ಮಾತಾಡ್ದೆ ಕಣೇ” ಎಂದರು.

ಆರ್ಡಿಸ್ ಕೋಟು ಹಾಕಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ಕರ್ಟ್‌ನ ಎದುರು ನಿಂತಳು.

“ನಮ್ಮ ಕಡೆ ಮಕ್ಕಳನ್ನ ಬೇರೆ ಶಾಲೆಗೆ ಕರ್ಕೊಂಡು ಹೋಗೋ ಬಸ್ಸು ಎಲ್ಲಿಗೆ ಬರುತ್ತೆ?”

“ಹೆದ್ದಾರಿ ಹತ್ರ,” ಎಂದ ಕರ್ಟ್, ಬಾಯಿ ತುಂಬ ಇಟ್ಟುಕೊಂಡೇ. “ಕತ್ಲಲ್ಲೇ ಬರುತ್ತೆ. ನಿನ್ ಮೊಮ್ಮಗಳಿಗೆ ಒಂದು ಟಾರ್ಚು ಕೊಡಿಸ್ಬಿಡು.”