ಗೋಡೆಯ ಮೇಲಿನ ನಲವತ್ತೊಂದು ಸೊನ್ನೆ

ಯಾವ ಗೋಡೆ ಕಂಡರೂ ಗಾರೆಯಕ್ಕ ಮೊದಲು ಅದನ್ನು ತಟ್ಟುತ್ತಿದ್ದಳು. ಬೆರಳ ಗೆಣ್ಣಿನಿಂದ ಎರಡು ಸಲ, ಕಿವಿ ಗೋಡೆಗೆ ಆನಿಸಿ. ನೆಂಟರ ಮನೆಗೆ ಹೋದರೂ ಅದೇ ಚಾಳಿ. "ಅತ್ತೇ, ಇವರ ಗೋಡೆ ಹೇಗಾದ್ರೂ ಇರಲಿ, ಬಂದ ಕೆಲಸ ನೋಡಿ" ಎಂದು ಸೊಸೆ ಸೆರಗು ಜಗ್ಗಬೇಕಾಗುತ್ತಿತ್ತು.

ಈ ವಿದ್ಯೆ ಅವಳಿಗೆ ಬಂದದ್ದು ಮಾವನಿಂದ. ಸುಣ್ಣವನ್ನು ತಿಂಗಳುಗಟ್ಟಲೆ ಹೊಂಡದಲ್ಲಿ ನೆನೆಹಾಕಿ, ಮರಳು ಬೆರೆಸಿ, ಬೆಣ್ಣೆಯಂತೆ ಅರೆದು ಗಾರೆ ಮಾಡುವ ಮನೆ ಅದು. ಮುಂದೆ ಎಲ್ಲೆಲ್ಲೂ ಸಿಮೆಂಟ್ ಬಂತು. ಗಾರೆ ಕೇಳುವವರು ಇಲ್ಲದಂತಾಯಿತು. ಅವಳು ಕಂಡವರ ಮನೆಗೆ ಬಣ್ಣ ಬಳಿಯುತ್ತಾ ಹನ್ನೆರಡು ವರ್ಷ ಕಳೆದಳು.

ಅವಳನ್ನು ಮತ್ತೆ ಏಣಿ ಹತ್ತಿಸಿದವರು ಮೇಷ್ಟ್ರು. ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮನುಷ್ಯ. ಭಾನುವಾರ ಬೆಳಗ್ಗೆ ಇಪ್ಪತ್ತು ಮೂವತ್ತು ಜನರನ್ನು ಕಟ್ಟಿಕೊಂಡು ಊರಿನ ಹಳೆಯ ಕಟ್ಟಡಗಳನ್ನು ತೋರಿಸುತ್ತಿದ್ದರು. "ಕಟ್ಟಡದ ಕತೆ ನಾನು ಹೇಳ್ತೀನಿ. ಅದರ ನಾಡಿ ಹಿಡಿಯೋದು ನೀನು ಕಲಿಸು, ತಂಗಿ" ಅಂದರು. ಒಡಹುಟ್ಟಿದವರಿಲ್ಲದ ಹೆಂಗಸು. ತಂಗಿ ಅನ್ನಿಸಿಕೊಂಡ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂಬತ್ತು ವರ್ಷ ಹೀಗೇ ನಡೆಯಿತು. ಮೊದಲು ಸುತ್ತಾಟ, ಆಮೇಲೆ ಹಳೆಯ ವಾಚನಾಲಯದ ಪಡಸಾಲೆಯಲ್ಲಿ ತರಗತಿ. ಅವಳ ಏಣಿಯ ಒಂದು ಕಾಲು ಗಿಡ್ಡ. ಮೇಷ್ಟ್ರು ಕೆಳಗಿನ ಮೆಟ್ಟಿಲ ಮೇಲೆ ಚಪ್ಪಲಿ ಕಾಲಿಟ್ಟು, ಎರಡೂ ಕೈಯಲ್ಲಿ ಏಣಿ ಹಿಡಿದು ನಿಲ್ಲುತ್ತಿದ್ದರು. ಅಷ್ಟೂ ವರ್ಷದಲ್ಲಿ ಅವಳು ಒಮ್ಮೆಯೂ ಕೆಳಗೆ ನೋಡಿದವಳಲ್ಲ.

ಮೇಲಿನಿಂದ ಗೋಡೆ ತಟ್ಟಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಗುರುತು ಎರಡೇ. ಒಳಗೆ ಟೊಳ್ಳಾಗಿದ್ದರೂ ತೂತು ಕೊರೆದು ತೆಳು ಸುಣ್ಣ ಕುಡಿಸಿದರೆ ಬದುಕುವ ಜಾಗಕ್ಕೆ ಸೊನ್ನೆ. ಕೈಬಿಟ್ಟುಹೋದದ್ದಕ್ಕೆ ಕತ್ತರಿ. ಮೇಷ್ಟ್ರು ಇದನ್ನೂ ಪಾಠ ಮಾಡಿಬಿಟ್ಟಿದ್ದರು.

"ಸೊನ್ನೆ ಅಂದ್ರೆ?"

"ಉಳಿಯುತ್ತೇ!" ಎಂದು ಜನ ಮಕ್ಕಳಂತೆ ಕೂಗುತ್ತಿದ್ದರು.

"ಕತ್ತರಿ ಅಂದ್ರೆ?"

"ಕಿತ್ತಾಕೀ!"

ಹೀಗಿರುವಾಗ ವಾಚನಾಲಯಕ್ಕೇ ಸಂಚಕಾರ ಬಂತು. ಅದನ್ನು ಕೆಡವಿ ಅಂಗಡಿ ಸಮುಚ್ಚಯ ಕಟ್ಟುವ ಯೋಚನೆ ನಗರಸಭೆಯದು. ಕಟ್ಟಡ ಗಟ್ಟಿಯಿದೆಯೋ ಇಲ್ಲವೋ ಎಂದು ವರದಿ ಬೇಕಿತ್ತು. ಮೇಷ್ಟ್ರನ್ನೇ ಕೇಳಿದ್ದರು.

"ನಮ್ಮ ಕೈಗೇ ಬಂತಲ್ಲ, ತಂಗಿ. ಬರೋ ಭಾನುವಾರ ಒಂದು ಮೂಲೆಯೂ ಬಿಡದೆ ತಟ್ಟಿಬಿಡು" ಅಂದರು.

ಆ ಭಾನುವಾರ ಇಪ್ಪತ್ತೆರಡು ಜನ ಬಂದರು. ಬೆಳಗ್ಗೆಯಿಂದ ಸಂಜೆಯವರೆಗೆ ಮಾಳಿಗೆ, ಮೆಟ್ಟಿಲು, ಕಮಾನು ಎಲ್ಲವನ್ನೂ ತಟ್ಟಿದರು. ಕೊನೆಗೆ ಎಣಿಸಿದರೆ ನಲವತ್ತೊಂದು ಸೊನ್ನೆ, ಕತ್ತರಿ ಒಂದೂ ಇಲ್ಲ. ನೂರು ವರ್ಷ ದಾಟಿದ ಗೋಡೆಯಲ್ಲಿ ಒಂದೇ ಒಂದು ಕತ್ತರಿ ಇಲ್ಲ! ಗಾರೆಯಕ್ಕನ ಖುಷಿ ಹೇಳತೀರದು. ಮೇಷ್ಟ್ರು ಒಂದೊಂದು ಸೊನ್ನೆಯ ಫೋಟೋ ತೆಗೆದರು. "ಇನ್ನೂ ಹತ್ತಿರದಿಂದ ತೆಗೀರಿ ಅಣ್ಣಾ, ಚೆನ್ನಾಗಿ ಕಾಣಬೇಕು" ಎಂದು ಹೇಳಿಕೊಟ್ಟವಳೂ ಅವಳೇ.

ಎರಡು ವಾರ ಕಳೆದು ನಗರಸಭೆಯಲ್ಲಿ ವಿಚಾರಣೆ. ಗಾರೆಯಕ್ಕ ಇಸ್ತ್ರಿ ಸೀರೆ ಉಟ್ಟು ಸೊಸೆಯೊಂದಿಗೆ ಹಿಂದಿನ ಸಾಲಿನಲ್ಲಿ ಕೂತಳು. ಪರದೆಯ ಮೇಲೆ ಅವಳ ಸೊನ್ನೆಗಳು ಒಂದೊಂದಾಗಿ ಬಂದವು. ಸೊಸೆಯ ಮೊಣಕೈ ತಿವಿದು, "ಇದು ನಂದು, ಇದೂ ನಂದು" ಅಂದಳು.

ನಗರಸಭೆಯ ಇಂಜಿನಿಯರ್ ಎದ್ದು ವರದಿ ಓದಿದರು: "ನಲವತ್ತೊಂದು ಕಡೆ ಗೋಡೆ ಟೊಳ್ಳಾಗಿದೆ. ಕಸುಬುದಾರರೇ ಸ್ಥಳದಲ್ಲಿ ಗುರುತು ಹಾಕಿದ್ದಾರೆ. ಕಟ್ಟಡ ಉಪಯೋಗಕ್ಕೆ ಯೋಗ್ಯವಲ್ಲ." ವರದಿಯ ಕೆಳಗೆ ಸಹಿ ಮೇಷ್ಟ್ರದು.

ಗಾರೆಯಕ್ಕ ದಡಬಡಿಸಿ ಎದ್ದಳು. "ಸ್ವಾಮೀ, ಓದಿದ್ದು ತಪ್ಪಾಗಿದೆ. ಸೊನ್ನೆ ಅಂದ್ರೆ ಉಳಿಯುತ್ತೆ ಅಂತ. ಬೇಕಾದ್ರೆ ಅಣ್ಣನ್ನೇ ಕೇಳಿ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಅದು ತರಗತಿಯಲ್ಲಿ ನಾವು ಆಡಿಕೊಳ್ಳೋ ಮಾತು. ವರದಿಯಲ್ಲಿ ಇರೋದೇ ಸರಿ" ಅಂದರು, ಮೇಜು ನೋಡುತ್ತಾ.

ಆಮೇಲೆ ಅಧ್ಯಕ್ಷರು ವಂದನೆ ಹೇಳಿದರು. ಹೊಸ ಸಮುಚ್ಚಯದಲ್ಲಿ ಒಂದು ಪರಂಪರೆ ಕೋಣೆ ಇರುತ್ತದಂತೆ. ಅದಕ್ಕೆ ಮೇಷ್ಟ್ರೇ ಮುಖ್ಯಸ್ಥರಂತೆ. ಜನ ಚಪ್ಪಾಳೆ ತಟ್ಟಿದರು.

ಹೊರಗೆ ಮೊಗಸಾಲೆಯಲ್ಲಿ ಮೇಷ್ಟ್ರೇ ಹತ್ತಿರ ಬಂದರು. "ಇವತ್ತಲ್ಲ ನಾಳೆ ಬೀಳೋದೇ, ತಂಗಿ. ಒಂದು ಕೋಣೆಯಾದ್ರೂ ನಮ್ಮದಾಗಲಿ ಅಂತ ಒಪ್ಕೊಂಡೆ. ನಿನ್ನ ಗಾರೆಯ ತುಂಡು ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ. ಕೆಳಗೆ ನಿನ್ನ ಹೆಸರು."

"ಸತ್ತವರ ಫೋಟೋ ಕೆಳಗೆ ಹಾಕ್ತಾರಲ್ಲ, ಹಾಗಾ?" ಅಂದಳು ಸೊಸೆ.

ಗಾರೆಯಕ್ಕ ಅವಳನ್ನು ಸುಮ್ಮನಿರಿಸಿದಳು. "ಸೊನ್ನೆ ಅಂದ್ರೆ ಏನು ಅಣ್ಣಾ? ಒಂದೇ ಸಲ ಹೇಳಿ. ಇಲ್ಲಿ ಯಾರೂ ಬರ್ಕೊಳ್ತಾ ಇಲ್ಲ."

ಮೇಷ್ಟ್ರು ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು.

"ಆಯ್ತು ಮೇಷ್ಟ್ರೇ, ಬರ್ತೀನಿ" ಅಂದಳು. ಅಣ್ಣ ಅನ್ನುವುದು ಅಲ್ಲಿಗೆ ನಿಂತಿತು.

ಕೆಡವಲು ಒಂದೇ ದಿನ ಸಾಕು ಅಂದಿದ್ದ ಯಂತ್ರದವರಿಗೆ ನಾಲ್ಕು ದಿನ ಹಿಡಿಯಿತು. ಗಾರೆಯಕ್ಕ ದಿನಾ ಹೋಗಿ ಬೇಲಿಯಾಚೆ ನಿಂತಳು. ಗೋಡೆಗೆ ಮೆತ್ತಿದ್ದ ಗಿಲಾವು ಪುಡಿಯಾಗಲಿಲ್ಲ, ಊಟದ ತಟ್ಟೆಯಷ್ಟಗಲ ಚಕ್ಕೆಗಳಾಗಿ ಬಿತ್ತು. ಕೆಲವದರ ಮೇಲೆ ಸೊನ್ನೆ ಹಾಗೇ ಇತ್ತು. ಜೊತೆಗೆ ಬಂದಿದ್ದ ಸೊಸೆ ಬೇಲಿಯ ಹತ್ತಿರ ಬಿದ್ದಿದ್ದ ಒಂದನ್ನು ಎತ್ತಿಕೊಂಡಳು.

"ಕೆಳಗೆ ಹಾಕೇ. ಅವರ ಗಾಜಿನ ಪೆಟ್ಟಿಗೆಗೆ ಬೇಕಂತೆ" ಅಂದಳು ಗಾರೆಯಕ್ಕ.

ಎರಡು ತಿಂಗಳು ಅವಳು ಯಾವ ಗೋಡೆಯನ್ನೂ ತಟ್ಟಲಿಲ್ಲ. ನೆಂಟರ ಮನೆಯಲ್ಲಿ ಕೈ ಮಡಿಲಲ್ಲಿಟ್ಟು ಕೂತದ್ದು ಕಂಡು ಸೊಸೆಯೇ ಸೆರಗು ಜಗ್ಗಿದಳು. "ಅತ್ತೇ, ಒಂದ್ಸಲ ತಟ್ಟಿಬಿಡಿ, ಯಾರೂ ನೋಡ್ತಿಲ್ಲ" ಅಂದಳು. ಗಾರೆಯಕ್ಕ ಬೇಡವೆಂದು ತಲೆಯಾಡಿಸಿದಳು.

ಕೊನೆಗೆ ಆ ಇಪ್ಪತ್ತೆರಡು ಜನರಲ್ಲಿ ಏಳು ಮಂದಿ ಮನೆ ಬಾಗಿಲಿಗೆ ಬಂದರು. ಹಳೆಯ ಅಂಚೆ ಕಚೇರಿಯ ಗೋಡೆ ತೇವ ಹಿಡಿದಿದೆ, ಕಲಿಸಿ ಎಂದು ಕೂತೇಬಿಟ್ಟರು. ಭಾನುವಾರ ಗಾರೆಯಕ್ಕ ಏಣಿ ಹೊತ್ತು ಹೋದಳು.

ಗೋಡೆಗೆ ಏಣಿ ಚಾಚಿದಾಗ ಒಬ್ಬ ನರ್ಸಮ್ಮ ಮುಂದೆ ಬಂದಳು. "ಉಳಿಯುತ್ತೆ" ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಅವಳೇ. "ನಾನು ಹಿಡೀತೀನಿ ಅಕ್ಕಾ, ನೀವು ಹತ್ತಿ."

"ಬೇಡಮ್ಮ, ನೀನು ಆ ಕಡೆ ನಿಂತು ಕೇಳಿಸ್ಕೋ."

ಗಾರೆಯಕ್ಕ ಗಿಡ್ಡ ಕಾಲಿಗೆ ಇಟ್ಟಿಗೆ ಚೂರು ಕೊಟ್ಟಳು. ಸೊಂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿ ಏಣಿಯನ್ನು ಕಿಟಕಿಯ ಸರಳಿಗೆ ಕಟ್ಟಿದಳು. ಗಂಟನ್ನು ಮೂರು ಸಲ ಎಳೆದು ನೋಡಿದಳು. ಆಮೇಲೆ ಹತ್ತಿದಳು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಕೆಳಗೆ ನೋಡುತ್ತಾ.