ಮುಖ ತೋರಿಸದ ಕನ್ನಡಿ

ಬೇರೆ ಕಡೆ ಕಾಯಿಲೆ ಬಿದ್ದವರಿಗೆ ರಜೆ. ಆ ಕಾರ್ಖಾನೆಯ ಕನ್ನಡಿ ಕೋಣೆಯಲ್ಲಿ ಅಳು ಬಂದವರಿಗೂ ರಜೆ, ಅದೂ ಕಡ್ಡಾಯವಾಗಿ. ಒಂದು ಹನಿ ಕಣ್ಣೀರು, ಒಂದು ಸೀನು, ಕೆನ್ನೆಯ ಮೇಲಿನ ಚಿಟಿಕೆ ಪೌಡರು ಸಾಕು, ಕನ್ನಡಿ ಕೆಟ್ಟಿತು. ಅದೇನು ತಲೆ ಬಾಚಿಕೊಳ್ಳುವ ಕನ್ನಡಿಯೇ? ಎಲ್ಲೋ ಯುಗಗಳಾಚೆ ಎರಡು ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದರೆ ಆಕಾಶವೇ ನಡುಗುತ್ತದಂತೆ. ಆ ನಡುಕ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಇರುವೆಯ ನಿಟ್ಟುಸಿರಿಗಿಂತ ಸಣ್ಣದು. ಅದನ್ನು ಹಿಡಿಯಲು ಲೇಸರ್ ಬೆಳಕನ್ನು ಅತ್ತಿಂದಿತ್ತ ಓಡಿಸುವ ಕನ್ನಡಿ ಇದು.

ಅದರ ಕೊನೆಯ ಶುಚಿಗೆ ಒಬ್ಬಳೇ ಮಹಾರಾಣಿ. ವಿಭಾಗದ ಮುಖ್ಯಸ್ಥನಿಗೆ ಅವಳು ಅಣ್ಣನ ಹೆಂಡತಿ, ಹಾಗಾಗಿ ಇಡೀ ಕಾರ್ಖಾನೆಗೇ ಅತ್ತಿಗೆ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನಿಗೂ. ಕನ್ನಡಿಗೆ ಬಳಿದ ಅಂಟು ಒಣಗಿ ತೆಳ್ಳಗೆ ಪೊರೆಗಟ್ಟಿದ ಮೇಲೆ, ಅದನ್ನು ಒಂದೇ ಎಳೆತಕ್ಕೆ ಸುಲಿಯುವುದು ಅವಳ ಕೆಲಸ. ಧೂಳೆಲ್ಲ ಪೊರೆಯೊಂದಿಗೆ ಎದ್ದು ಬರುತ್ತದೆ. ನಡುವೆ ಕೈ ನಿಂತರೆ ಅಲ್ಲೊಂದು ಗೆರೆ ಉಳಿಯುತ್ತದೆ.

ಕನ್ನಡಿಯ ಗಾಜನ್ನು ಉಜ್ಜಿ ನುಣುಪು ಮಾಡುತ್ತಿದ್ದವನು ಅವಳ ಗಂಡ. ಹೋದ ತಿಂಗಳು ಊಟಕ್ಕೆ ಕೂತವನು ಏಳಲಿಲ್ಲ. ಅತ್ತಿಗೆ ಅಳಲಿಲ್ಲ. ಸಮಾಧಾನ ಮಾಡಲು ಸೆರಗು ಸಜ್ಜು ಮಾಡಿಕೊಂಡು ಬಂದ ನೆಂಟರು ಕೆಲಸವಿಲ್ಲದೆ ವಾಪಸಾದರು. ಅತ್ತೆಯಂತೂ, ನಲ್ಲಿಯಲ್ಲಿ ನೀರು ಬಂತೇ ಎನ್ನುವ ಹಾಗೆ, ದಿನಾ ಸಂಜೆ ಕೇಳುತ್ತಿದ್ದಳು: "ಅಳು ಬಂತೇನೇ?"

"ಇಲ್ಲ ಅತ್ತೆ."

ಅವನು ಉಜ್ಜಿದ ಕೊನೆಯ ಕನ್ನಡಿ ಸುಲಿಯಲು ಬಂದ ದಿನ ಮೈದುನ ಬಾಗಿಲಿಗೆ ಅಡ್ಡ ನಿಂತ.

"ಇವತ್ತು ನೀವು ಬೇಡ ಅತ್ತಿಗೆ. ಅರ್ಧದಲ್ಲಿ ಅಳು ಬಂದ್ರೆ?"

"ಮನೇಲಿ ಬರದೆ ಇರೋದು ಇಲ್ಲಿ ಬರುತ್ತಾ? ದಾರಿ ಬಿಡಿ ಸಾಹೇಬ್ರೇ."

"ನಿಮ್ಮನ್ನ ನೋಡಿದ್ರೇ ಭಯ ಆಗುತ್ತೆ. ಕಲ್ಲಾಗಿಬಿಟ್ಟಿದ್ದೀರಿ."

"ಕಲ್ಲು ಸೀನಲ್ಲ, ಬೆವರಲ್ಲ. ಈ ಕೆಲಸಕ್ಕೆ ಕಲ್ಲೇ ಸರಿ."

ಕಲ್ಲಿನೊಳಗೂ ಒಂದು ಕಳ್ಳ ಆಸೆಯಿತ್ತು. ತಿಂಗಳುಗಟ್ಟಲೆ ಉಜ್ಜಿದ್ದಾನೆ, ಎಲ್ಲಾದರೂ ಎಡಚನಾದ ಅವನ ಕೈಯ ಒಂದು ಓರೆ ಗೀರು ಉಳಿದಿರಬಾರದೇ? ಗೀರಿದ್ದರೆ ಕನ್ನಡಿ ತಿರಸ್ಕೃತ, ಗಂಡನ ಹೆಸರಿಗೆ ಮಸಿ. ಆದರೂ ಅದನ್ನು ಕಂಡರೆ ತನಗೆ ಅಳು ಬಂದೀತು ಎಂದು ಅವಳ ಲೆಕ್ಕ.

ಪೊರೆಯ ಅಂಚು ಹಿಡಿದು ಎಳೆದಳು. ದಾರಿ ಬಿಟ್ಟ ಮೈದುನನೇ ಕನ್ನಡಿಯ ಆಚೆ ಬದಿಗೆ ದೀಪ ಹಿಡಿದು ನಿಂತಿದ್ದ. ಈ ಕನ್ನಡಿ ಹಿಂದಿರುಗಿಸುವುದು ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಮಾತ್ರ. ಮನುಷ್ಯರ ಪಾಲಿಗೆ ಅದು ಬರೀ ಕಿಟಕಿ ಗಾಜು. ಹಾಗಾಗಿ ಪೊರೆ ಸರಿದಂತೆಲ್ಲ ಅವಳಿಗೆ ಕಂಡದ್ದು ತನ್ನ ಮುಖವಲ್ಲ, ಆಚೆಗಿದ್ದ ಮೈದುನನದು. ಕಣ್ಣು ತುಂಬಿದೆ. ಮುಖಗವಸು ಒದ್ದೆಯಾಗುತ್ತಿದೆ.

"ಸಾಹೇಬ್ರೇ, ಹೊರಗೆ."

"ಏನಿಲ್ಲ ಅತ್ತಿಗೆ, ದೀಪದ ಝಳ..."

"ಲೇ, ದೀಪ ಅಲ್ಲಿಟ್ಟು, ಮುಖ ಆಚೆ ತಿರುಗಿಸ್ಕೊಂಡು ನಡಿಯೋ!"

ಮುಖ್ಯಸ್ಥನಾದ ಮೇಲೆ ಅವನಿಗೆ ಯಾರೂ ಲೇ ಅಂದಿರಲಿಲ್ಲ. ದೀಪವಿಟ್ಟು, ಯುದ್ಧ ಸೋತ ರಾಜನಂತೆ ಕತ್ತು ತಿರುಗಿಸಿಕೊಂಡು ಹೊರಟ. ಇಷ್ಟಾದರೂ ಅವಳ ಕೈ ನಿಂತಿರಲಿಲ್ಲ.

ಪೊರೆ ಪೂರ್ತಿ ಬಂತು. ಅವಳು ದೀಪ ಎತ್ತಿ, ಓರೆಯಾಗಿ ಹಿಡಿದು, ಅಂಚಿನಿಂದ ಅಂಚಿಗೆ ಹುಡುಕಿದಳು. ಮತ್ತೊಮ್ಮೆ ಹುಡುಕಿದಳು. ಏನೂ ಇರಲಿಲ್ಲ. ಪುಣ್ಯಾತ್ಮ ತನ್ನನ್ನೇ ಉಜ್ಜಿ ಅಳಿಸಿ ಹೋಗಿದ್ದ.

"ಪಾಸ್," ಎಂದಳು. ಕನ್ನಡಿ ಪೆಟ್ಟಿಗೆ ಸೇರಿತು.

ಸಂಜೆ ಅತ್ತೆ ಎಂದಿನಂತೆ ಕೇಳಿದಳು. "ಅಳು ಬಂತೇನೇ?"

"ನನಗಿಲ್ಲ. ನಿಮ್ಮ ಚಿಕ್ಕ ಮಗನಿಗೆ ಬಂತು. ಆಚೆ ಹಾಕಿದೆ."

"ಸದ್ಯ, ಮನೇಲಿ ಒಬ್ಬರಿಗಾದ್ರೂ ಬಂತಲ್ಲ. ಕನ್ನಡಿ ಹೇಗಿತ್ತು?"

"ಚೆನ್ನಾಗಿತ್ತು ಅತ್ತೆ. ಒಂದು ಗೀರೂ ಇರಲಿಲ್ಲ."

ಮುದುಕಿ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಹಾಕಿದಳು.

"ಪಾಪಿ," ಎಂದಳು. "ಒಂದಾದ್ರೂ ಬಿಟ್ಟು ಹೋಗಬಾರದಿತ್ತಾ?"

ಅತ್ತಿಗೆ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.